ಗೀಸರ್ ಸರಿಯಾಗಿ ಕಾಯ್ತಿಲ್ವಾ? ಕಾಯಿಲ್ ಬದಲಾಯಿಸೋ ಮುಂಚೆ ವೋಲ್ಟು, ಆಂಪು ಲೆಕ್ಕ ಹಾಕಿ

ಗೀಸರ್ ನೀರು ಕಾಯಿಸ್ತಿಲ್ಲ ಅಂತ ಯಾರನ್ನಾದ್ರೂ ಕರೆಸಿದ್ರೆ ಸಾಮಾನ್ಯವಾಗಿ ಬರೋ ಮೊದಲ ಮಾತು "ಕಾಯಿಲ್ ಹೋಗಿದೆ ಸಾರ್, ಹೊಸದು ಹಾಕ್ಬೇಕು". ಹೋಗಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಲೈನಲ್ಲಿ ವೋಲ್ಟೇಜ್ ಕಮ್ಮಿ ಇದ್ರೂ ಹೀಗೇ ಆಗುತ್ತೆ, ಸಾಕೆಟ್ ಒಳಗೆ ಸ್ಕ್ರೂ ಲೂಸ್ ಆಗಿದ್ರೂ ಹೀಗೇ, ನೀರು ಕಾದ ಮೇಲೆ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟ್ ಬೇಗ ಕಟ್ ಆಗ್ತಿದ್ರೂ ಹೀಗೇ. ಯಾವುದು ಅಂತ ಹೇಳೋದಕ್ಕೆ ಬೇಕಾಗಿರೋದು ಎರಡೇ ನಂಬರು: ಗೀಸರ್‌ಗೆ ಎಷ್ಟು ವೋಲ್ಟ್ ಸಿಗ್ತಿದೆ, ಅದು ಎಷ್ಟು ಆಂಪ್ ಎಳೀತಿದೆ. ಇವೆರಡು ಗೊತ್ತಾಗದೆ ಕಾಯಿಲ್‌ಗೆ ದುಡ್ಡು ಕೊಡ್ಬೇಡಿ.

ಲೆಕ್ಕ ಇಷ್ಟೇ

ವೋಲ್ಟನ್ನ ಆಂಪಿಂದ ಭಾಗಿಸಿದ್ರೆ ರೆಸಿಸ್ಟೆನ್ಸ್, ಅದು ಓಮ್‌ನಲ್ಲಿ. ವೋಲ್ಟನ್ನ ಆಂಪಿಂದ ಗುಣಿಸಿದ್ರೆ ಪವರ್, ಅದು ವ್ಯಾಟ್‌ನಲ್ಲಿ. ಹೈಸ್ಕೂಲಲ್ಲಿ ಮಾಡಿದ್ದೇ.

ಈಗ ನಿಮ್ಮ ಗೀಸರ್ ಮೈಮೇಲಿರೋ ಲೇಬಲ್ ನೋಡಿ. 230 ವೋಲ್ಟ್, 2000 ವ್ಯಾಟ್ ಅಂತಿದ್ರೆ 2000 ಭಾಗಿಸು 230, ಅಂದ್ರೆ 8.7 ಆಂಪ್. 230 ಭಾಗಿಸು 8.7, ಅಂದ್ರೆ ಸುಮಾರು 26.5 ಓಮ್. ಈ 26.5 ಅನ್ನೋದನ್ನ ಬರೆದಿಟ್ಕೊಳ್ಳಿ, ಮುಂದೆ ಎಲ್ಲಾ ಕಡೆ ಇದೇ ಬೇಕಾಗೋದು. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದ್ರೆ 13 ಆಂಪ್, 17.6 ಓಮ್. 1500 ವ್ಯಾಟಿನ ಹೀಟರ್ ರಾಡ್ ಆದ್ರೆ 6.5 ಆಂಪ್, 35 ಓಮ್. ಲೇಬಲಲ್ಲಿ 240 ವೋಲ್ಟ್ ಅಂತಿದ್ರೆ 240 ಇಟ್ಕೊಂಡೇ ಲೆಕ್ಕ ಹಾಕಿ, ಆಗ 2000 ವ್ಯಾಟಿಗೆ 28.8 ಓಮ್ ಬರುತ್ತೆ.

ಇಲ್ಲಿ ಒಂದು ವಿಷಯ ತಲೇಲಿರ್ಲಿ. ಗೀಸರ್ ಕಾಯಿಲ್ ನೈಕ್ರೋಮ್ ತಂತಿ, ಬಿಸಿಯಾದ್ರೂ ಅದರ ಓಮ್ ಜಾಸ್ತಿ ಬದಲಾಗಲ್ಲ, ನೂರಕ್ಕೆ ಕೆಲವೇ ಪಾಲು ಅಷ್ಟೇ. ಹಳೇ ಫಿಲಮೆಂಟ್ ಬಲ್ಬ್ ಹಾಗಲ್ಲ, 100 ವ್ಯಾಟಿನ ಬಲ್ಬು ಉರಿಯುವಾಗ 529 ಓಮ್, ತಣ್ಣಗಿದ್ದಾಗ ಮೀಟರ್ ಇಟ್ರೆ ಅದರ ಹತ್ತನೇ ಒಂದು ಭಾಗವೂ ತೋರಿಸಲ್ಲ, ಅದನ್ನ ನೋಡಿ ಬಲ್ಬ್ ಶಾರ್ಟ್ ಆಗಿದೆ ಅಂದ್ಕೊಳ್ಳೋರು ಇದ್ದಾರೆ. ಗೀಸರಲ್ಲಿ ಆ ತಲೆನೋವಿಲ್ಲ, ತಣ್ಣಗಿರುವಾಗ ಅಳೆದ ಓಮ್ ನಂಬಬಹುದು.

ಮುಟ್ಟೋ ಮುಂಚೆ

ಓಮ್ ಅಳೆಯೋದು ಯಾವಾಗಲೂ ಕರೆಂಟ್ ಇಲ್ಲದಾಗ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಡಿಬಿಯಲ್ಲಿ (ಮನೆಯ ಎಲ್ಲಾ ಲೈನ್ ಹೊರಡೋ ಪೆಟ್ಟಿಗೆ) ಗೀಸರ್‌ನ ಎಂಸಿಬಿ (ಕರೆಂಟ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು ಆಚೆ ಇಡಿ. ಕೆಲವು ಹಳೇ ಮನೆಗಳಲ್ಲಿ ಸ್ವಿಚ್ಚು ಫೇಸ್ (ಕರೆಂಟ್ ಬರೋ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗೋ ವೈರ್) ಕಟ್ ಮಾಡೋ ಥರ ವೈರಿಂಗ್ ಮಾಡಿರ್ತಾರೆ, ಆಗ ಸ್ವಿಚ್ ಆಫ್ ಆಗಿದ್ರೂ ಕಾಯಿಲಲ್ಲಿ ಫೇಸ್ ಇರುತ್ತೆ.

ಮಲ್ಟಿಮೀಟರಲ್ಲಿ ಕೆಂಪು ವೈರ್ ಯಾವ ತೂತಲ್ಲಿದೆ ಅಂತ ಪ್ರತೀ ಸಲ ನೋಡಿ. ಅದು 10 ಆಂಪ್ ತೂತಲ್ಲಿದ್ದು ನೀವು ಸಾಕೆಟ್‌ಗೆ ಇಟ್ರೆ ನೇರ ಶಾರ್ಟ್, ಕೈಯಲ್ಲೇ ಢಂ ಅನ್ನುತ್ತೆ. ಆಂಪ್ ಅಳೀಬೇಕಂದ್ರೆ ವೈರನ್ನ ಹೊರಗಿಂದಲೇ ಸುತ್ತುಹಿಡಿದು ಅಳೆಯೋ ಕ್ಲ್ಯಾಂಪ್ ಮೀಟರ್ ವಾಸಿ. ಬಾತ್‌ರೂಮ್ ಒದ್ದೆ ಇದ್ರೆ, ಕಾಲಲ್ಲಿ ಚಪ್ಪಲಿ ಇಲ್ಲದಿದ್ರೆ, ಮನೇಲಿ ಒಬ್ಬರೇ ಇದ್ರೆ ಇವತ್ತು ಬೇಡ, ನಾಳೆ ನೋಡ್ಕೊಳ್ಳಿ. ಮತ್ತೆ ಗೀಸರ್ ಟ್ಯಾಂಕಲ್ಲಿ ನೀರಿಲ್ಲದೆ ಆನ್ ಮಾಡಿ ಟೆಸ್ಟ್ ಮಾಡೋದು ಬೇಡವೇ ಬೇಡ, ಚೆನ್ನಾಗಿರೋ ಕಾಯಿಲೂ ಸುಟ್ಟು ಹೋಗುತ್ತೆ.

ಗೀಸರ್ ಲೈಟೂ ಇಲ್ಲ, ನೀರೂ ತಣ್ಣಗೆ

ಎಂಸಿಬಿ ಬಿದ್ದಿದ್ಯಾ ನೋಡಿ. ಬಿದ್ದಿಲ್ಲ ಅಂದ್ರೆ ಅದೇ ಸಾಕೆಟ್‌ಗೆ ಬೇರೆ ಏನಾದ್ರೂ ಹಾಕಿ ನೋಡಿ. ಅದೂ ನಡೀದಿದ್ರೆ ತೊಂದ್ರೆ ಸಾಕೆಟ್, ಸ್ವಿಚ್ ಇಲ್ಲಾ ವೈರಲ್ಲಿ, ಗೀಸರ್‌ದಲ್ಲ. ಟೆಸ್ಟರ್ ಹಚ್ಚಿದಾಗ ಲೈಟ್ ಬಂತು ಅಂತ ಸಾಕೆಟ್ ಸರಿ ಇದೆ ಅಂದ್ಕೊಳ್ಬೇಡಿ, ಟೆಸ್ಟರ್ ತೋರಿಸೋದು ಫೇಸ್ ಮಾತ್ರ, ನ್ಯೂಟ್ರಲ್ ಕಟ್ ಆಗಿದ್ರೆ ಅದಕ್ಕೆ ಗೊತ್ತೇ ಆಗಲ್ಲ. ಮಲ್ಟಿಮೀಟರನ್ನ ಎಸಿ ವೋಲ್ಟ್‌ಗೆ ತಿರುಗಿಸಿ ಫೇಸ್ ನ್ಯೂಟ್ರಲ್ ಮಧ್ಯೆ ಅಳೀರಿ, 230ರ ಆಸುಪಾಸು ಬರಬೇಕು.

ಲೈಟ್ ಉರಿಯುತ್ತೆ, ನೀರು ಮಾತ್ರ ತಣ್ಣಗೇ ಇದೆ

ಇಲ್ಲಿ ಗೀಸರ್ ಬಿಚ್ಚದೇನೇ ಮುಕ್ಕಾಲು ಉತ್ತರ ಸಿಗುತ್ತೆ. ಎಂಸಿಬಿ ಇಳಿಸಿ ಪ್ಲಗ್ ಕಿತ್ಕೊಳ್ಳಿ, ಗೀಸರಲ್ಲಿ ನಾಬ್ ಇದ್ರೆ ಫುಲ್‌ಗೆ ಇಡಿ, ನೀರು ತಣ್ಣಗಿರ್ಲಿ, ಯಾಕಂದ್ರೆ ಆಗ ಥರ್ಮೋಸ್ಟಾಟ್ ಕಾಂಟ್ಯಾಕ್ಟ್ ಕೂಡಿರುತ್ತೆ. ಮಲ್ಟಿಮೀಟರ್ 200 ಓಮ್ ರೇಂಜಲ್ಲಿ ಇಟ್ಟು, ಮೊದ್ಲು ಎರಡು ಮೊನೆ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತೆ ನೋಡ್ಕೊಳ್ಳಿ, 0.3, 0.5 ಹೀಗೆ ಏನೋ ಬರುತ್ತೆ, ಅದನ್ನ ಆಮೇಲೆ ಕಳೀಬೇಕು. ಆಮೇಲೆ ಪ್ಲಗ್ಗಿನ ಒಂದೇ ಅಳತೆಯ ಎರಡು ಪಿನ್‌ಗಳಿಗೆ ಇಡಿ, ಮೇಲಿನ ದಪ್ಪ ಪಿನ್ ಅರ್ಥಿಂದು, ಅದು ಬೇಡ.

26 ಓಮ್ ಆಸುಪಾಸು ಬಂದ್ರೆ ಕಾಯಿಲ್ ಗಟ್ಟಿಮುಟ್ಟಾಗಿದೆ, ಥರ್ಮೋಸ್ಟಾಟೂ ಕೂಡಿದೆ, ಹುಡುಕಬೇಕಾದ್ದು ಸಾಕೆಟ್ ಕಡೆ. ಸ್ಕ್ರೀನಲ್ಲಿ ಓಎಲ್ ಅಥವಾ ಬರೀ 1 ಅಂತ ಬಂದ್ರೆ ದಾರಿ ಎಲ್ಲೋ ಕಟ್ ಆಗಿದೆ, ಅದು ಕಾಯಿಲೇ ಆಗಿರಬೇಕು ಅಂತಿಲ್ಲ, ಥರ್ಮೋಸ್ಟಾಟ್ ಅಥವಾ ಅದರ ಜೊತೆ ಇರೋ ಸೇಫ್ಟಿ ಕಟ್‌ಔಟ್ ಆಗಿರಬಹುದು. ತುಂಬಾ ಗೀಸರಲ್ಲಿ ಈ ಕಟ್‌ಔಟ್‌ಗೆ ಒಂದು ಪುಟ್ಟ ರೀಸೆಟ್ ಬಟನ್ ಇರುತ್ತೆ, ಕೆಳಗಿನ ಮುಚ್ಚಳ ತೆಗೆದ್ರೆ ಕಾಣುತ್ತೆ, ಎಲೆಕ್ಟ್ರಿಷಿಯನ್ ಒತ್ತಿದ ತಕ್ಷಣ 26 ಬಂತು ಅಂದ್ರೆ ಕಾಯಿಲ್ ಬಚಾವ್. ಆದ್ರೆ ಕಟ್‌ಔಟ್ ಸುಮ್ಮಸುಮ್ಮನೆ ಹಾರಲ್ಲ, ನೀರು ಮಿತಿಮೀರಿ ಕಾದಿತ್ತು ಅಂತ ಅರ್ಥ, ಮತ್ತೆ ಹಾರಿದ್ರೆ ಥರ್ಮೋಸ್ಟಾಟ್ ಬದಲಾಯಿಸ್ಬೇಕು. ಬಟನ್ ಒತ್ತಿಕೊಂಡೇ ದಿನ ದೂಡ್ಬೇಡಿ, ಕಟ್‌ಔಟನ್ನ ಬೈಪಾಸ್ ಮಾಡಿ ಕೊಡ್ತೀನಿ ಅನ್ನೋರನ್ನ ಒಳಗೇ ಬಿಟ್ಕೊಳ್ಬೇಡಿ.

ಡಿಸ್ಪ್ಲೇ, ರಿಮೋಟ್ ಇರೋ ಗೀಸರ್‌ಗಳಲ್ಲಿ ಒಳಗೆ ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ಇರುತ್ತೆ, ಕರೆಂಟ್ ಇಲ್ಲದಾಗ ಅದು ಬಿಟ್ಕೊಂಡಿರುತ್ತೆ, ಹಾಗಾಗಿ ಪ್ಲಗ್ಗಲ್ಲಿ ಅಳೆದ್ರೆ ಕಾಯಿಲ್ ಚೆನ್ನಾಗಿದ್ರೂ 26 ಸಿಗಲ್ಲ. ಪ್ಲಗ್ಗೇ ಇಲ್ಲದೆ ನೇರ ವೈರ್ ಕೊಟ್ಟಿರೋ ಗೀಸರ್‌ಗೂ ಈ ಟೆಸ್ಟ್ ಆಗಲ್ಲ. ಎರಡೂ ಎಲೆಕ್ಟ್ರಿಷಿಯನ್ ಕೆಲಸ.

ಕಾಯುತ್ತೆ, ಆದ್ರೆ ಸಿಕ್ಕಾಪಟ್ಟೆ ಹೊತ್ತು ತಗೊಳ್ಳುತ್ತೆ

ಜನ ಜಾಸ್ತಿ ಮೋಸ ಹೋಗೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಎಷ್ಟು ಹೊತ್ತು ತಗೋಬೇಕು ಅನ್ನೋದು ಗೊತ್ತಿರ್ಲಿ. 15 ಲೀಟರ್ ನೀರು, 25 ಡಿಗ್ರಿಯಿಂದ 60 ಡಿಗ್ರಿಗೆ, ಪೂರ್ತಿ 2000 ವ್ಯಾಟ್ ಸಿಕ್ಕಿದ್ರೆ 18 ನಿಮಿಷ ಚಿಲ್ಲರೆ. 25 ಲೀಟರ್ ಗೀಸರ್ ಆದ್ರೆ ಅರ್ಧ ಗಂಟೆ. 25 ಲೀಟರ್ ತಗೊಂಡು ಕಾಲು ಗಂಟೇಲಿ ಕಾಯ್ತಿಲ್ಲ ಅಂದ್ರೆ ಅದು ದೋಷ ಅಲ್ಲ. ಚಳಿಗಾಲದಲ್ಲಿ ಟ್ಯಾಂಕಿಗೆ ಬರೋ ನೀರೇ 18 ಡಿಗ್ರಿ ಇದ್ರೆ ಇನ್ನೂ ಲೇಟು.

ಇಷ್ಟಾದ ಮೇಲೂ ನಿಧಾನ ಅಂದ್ರೆ ಖರ್ಚೇ ಇಲ್ಲದ ಒಂದು ಪರೀಕ್ಷೆ ಇದೆ, ಮೀಟರ್ ಬೋರ್ಡ್ ಹತ್ರ ಹೋಗಿ. ಎಲೆಕ್ಟ್ರಾನಿಕ್ ಮೀಟರಲ್ಲಿ ಮಿಣುಕೋ ಕೆಂಪು ಲೈಟ್ ಇರುತ್ತೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ 3200 ಅಥವಾ 1600 ಇಂಪಲ್ಸ್ (ಅಂದ್ರೆ ಮಿಣುಕು) ಅಂತ ಬರೆದಿರುತ್ತೆ, ಬೇರೆ ನಂಬರೂ ಇರಬಹುದು. ಮನೇಲಿ ಫ್ರಿಜ್, ಟಿವಿ, ಫ್ಯಾನ್, ಮೋಟರ್ ಎಲ್ಲಾ ಆಫ್, ಮರೀದೆ ಯುಪಿಎಸ್ ಚಾರ್ಜಿಂಗೂ ಆಫ್ ಮಾಡಿ. ಲೈಟ್ ಮಿಣುಕೋದು ನಿಂತ ಮೇಲೆ ಗೀಸರ್ ಮಾತ್ರ ಆನ್ ಮಾಡಿ ಒಂದು ನಿಮಿಷಕ್ಕೆ ಎಷ್ಟು ಸಲ ಮಿಣುಕ್ತು ಎಣಿಸಿ. ಆ ಸಂಖ್ಯೆಯನ್ನ 60ರಿಂದ ಗುಣಿಸಿ, ನಿಮ್ಮ ಮೀಟರಲ್ಲಿ ಬರೆದಿರೋ ನಂಬರಿಂದ ಭಾಗಿಸಿದ್ರೆ ಕಿಲೋವ್ಯಾಟ್ ಬರುತ್ತೆ, ಇಲ್ಲಿ 3200 ಅಂತಲೇ ಇಟ್ಕೊಳ್ಳೋಣ. 2000 ವ್ಯಾಟ್ ಅಂದ್ರೆ ನಿಮಿಷಕ್ಕೆ ಹೆಚ್ಚುಕಮ್ಮಿ 107 ಸಲ. ಎಣಿಸೋಕೆ ಕಷ್ಟ ಆದ್ರೆ ಫೋನಲ್ಲಿ ವಿಡಿಯೋ ಮಾಡ್ಕೊಂಡು ನಿಧಾನಕ್ಕೆ ಓಡಿಸಿ ಎಣಿಸಿ. ಎಷ್ಟೋ ಮೀಟರಲ್ಲಿ ಬಟನ್ ಒತ್ತಿದ್ರೆ ವೋಲ್ಟ್, ಆಂಪ್, ಕಿಲೋವ್ಯಾಟ್ ಒಂದಾದ ಮೇಲೊಂದು ಬರುತ್ತೆ, ಹಾಗಿದ್ರೆ ಎಣಿಸೋ ಕೆಲಸವೂ ಇಲ್ಲ.

ಈಗ ಬಂದ ನಂಬರ್ ಏನು ಹೇಳುತ್ತೆ ನೋಡೋಣ.

ಬೆಳಗ್ಗೆ 7ಕ್ಕೆ ಎಣಿಸಿದ್ರೆ 65, ಮಧ್ಯಾಹ್ನ 12ಕ್ಕೆ ಎಣಿಸಿದ್ರೆ 100 ಅಂತಿಟ್ಕೊಳ್ಳಿ. 65 ಅಂದ್ರೆ 1219 ವ್ಯಾಟ್. ಕಾಯಿಲ್ 26.5 ಓಮ್ ಅಂತ ಪ್ಲಗ್ಗಲ್ಲಿ ಆಗ್ಲೇ ನೋಡಿದೀವಿ, ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದ್ರೆ ವೋಲ್ಟ್ ಸಿಗುತ್ತೆ, ಇಲ್ಲಿ 180. ಮಧ್ಯಾಹ್ನದ್ದು 1875 ವ್ಯಾಟ್, ಅಂದ್ರೆ 223 ವೋಲ್ಟ್. ಕಾಯಿಲ್ ಒಂದೇ, ಬೆಳಗ್ಗೆ ಇಡೀ ಬೀದಿ ಗೀಸರ್ ಹಾಕಿದಾಗ ವೋಲ್ಟೇಜ್ ಬೀಳ್ತಿದೆ ಅಷ್ಟೇ. ಓಮ್ ಅಷ್ಟೇ ಇದ್ದಾಗ ಪವರ್ ಕುಸಿಯೋದು ವೋಲ್ಟಿನ ವರ್ಗದ ಲೆಕ್ಕದಲ್ಲಿ, 230 ಇರಬೇಕಾದ್ದು 180 ಆದ್ರೆ ವೋಲ್ಟ್ ಕಮ್ಮಿ ಆಗಿದ್ದು ನೂರಕ್ಕೆ 22, ಪವರ್ ಕಮ್ಮಿ ಆಗಿದ್ದು ನೂರಕ್ಕೆ 39! 18 ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯೋದು ಇದಕ್ಕೇನೇ. ಇದಕ್ಕೆ ಹೊಸ ಕಾಯಿಲ್ ಹಾಕಿದ್ರೂ ನಾಳೆ ಬೆಳಗ್ಗೆ ಅದೇ ಕಥೆ. ಸ್ಟೆಬಿಲೈಸರ್ ಹಾಕಿಸಿ ಅಂತಾರೆ, ನನ್ನ ಕೇಳಿದ್ರೆ ಬೇಡ, ಅಷ್ಟು ದೊಡ್ಡ ಸ್ಟೆಬಿಲೈಸರ್ ದುಬಾರಿ, ಮೇಲಾಗಿ ಅದು 180 ವೋಲ್ಟಿಂದ 2000 ವ್ಯಾಟ್ ಕೊಡ್ಬೇಕಂದ್ರೆ ಲೈನಿಂದ 11 ಆಂಪ್ ಎಳೀಬೇಕು, ಬೀದಿಯ ವೋಲ್ಟೇಜ್ ಇನ್ನೂ ಬೀಳುತ್ತೆ. 5:30ಕ್ಕೇ ಆನ್ ಮಾಡಿ ಇಟ್ಕೊಳ್ಳೋದು, ಅಕ್ಕಪಕ್ಕದವರೂ ಸೇರಿ ಕರೆಂಟ್ ಕಂಪನಿಯ ಕಂಪ್ಲೇಂಟ್ ನಂಬರ್ 1912ಕ್ಕೆ ಫೋನ್ ಮಾಡಿ ಲೋ ವೋಲ್ಟೇಜ್ ಕಂಪ್ಲೇಂಟ್ ಕೊಡೋದು, ಇದು ದಾರಿ. ಎಷ್ಟು ಗಂಟೆಗೆ ಎಷ್ಟು ವೋಲ್ಟ್ ಅಂತ ಬರೆದಿಟ್ಟಿದ್ರೆ ಲೈನ್‌ಮ್ಯಾನ್ ಹತ್ರ ಮಾತಾಡೋಕೆ ಬಲ ಬರುತ್ತೆ.

ಇನ್ನೊಂದು ಥರ: ಯಾವ ಹೊತ್ತಲ್ಲಿ ಎಣಿಸಿದ್ರೂ 80, ಸಾಕೆಟಲ್ಲಿ ವೋಲ್ಟೇಜ್ 230 ಚೆನ್ನಾಗೇ ಇದೆ. 80 ಅಂದ್ರೆ 1500 ವ್ಯಾಟ್, ಅಂದ್ರೆ 6.5 ಆಂಪ್, ಓಮ್ ಲೆಕ್ಕ ಹಾಕಿದ್ರೆ 35. ಕಾಯಿಲ್ ಹಳೇದಾಗಿ ವೀಕ್ ಆಗಿದೆ ಅಂತಾರೆ ನೋಡಿ, ಒಂದೇ ಕಾಯಿಲ್ ಇರೋ ಗೀಸರಲ್ಲಿ ಅದು ಹಾಗೆ 26ರಿಂದ 35 ಓಮ್‌ಗೆ ನಿಧಾನಕ್ಕೆ ಏರಲ್ಲ, ಇದ್ರೆ ಇರುತ್ತೆ, ಹೋದ್ರೆ ಕಟ್ ಆಗುತ್ತೆ. 35 ಬರ್ತಿದೆ ಅಂದ್ರೆ ಹಿಂದೆ ಯಾವಾಗಲೋ ರಿಪೇರಿಗೆ ಬಂದವರು 2000ದ ಜಾಗದಲ್ಲಿ 1500 ವ್ಯಾಟಿನ ಕಾಯಿಲ್ ಹಾಕಿ ಹೋಗಿದ್ದಾರೆ ಅನ್ನೋದು ಮೊದಲ ಅನುಮಾನ. ದೊಡ್ಡ ಟ್ಯಾಂಕಿನ ಕೆಲವು ಮಾಡೆಲಲ್ಲಿ ಎರಡು ಕಾಯಿಲ್ ಇರುತ್ತೆ, ಅಲ್ಲಿ ಒಂದು ಹೋದ್ರೆ ಓಮ್ ಜಾಸ್ತಿ ಆಗಿ ಪವರ್ ಇಳಿಯುತ್ತೆ, ಅದೂ ನೋಡ್ಬೇಕು.

ಮೂರನೇದು ಅಪಾಯದ್ದು. ಡಿಬಿಯಲ್ಲಿ 228 ವೋಲ್ಟ್ ನಿಂತಿದೆ, ಗೀಸರ್ ಓಡ್ತಿರುವಾಗ ಗೀಸರ್ ಪಾಯಿಂಟಲ್ಲಿ 205 ಮಾತ್ರ. ಈ ಅಳತೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಎರಡೂ ಕಡೆ ಲೋಡ್ ಇರುವಾಗಲೇ ಅಳೀಬೇಕು, ಲೋಡ್ ಇಲ್ಲದಾಗ ಎರಡೂ ಒಂದೇ ತೋರಿಸುತ್ತೆ. 205ಕ್ಕೆ ಕಾಯಿಲ್ ಎಳೆಯೋದು 7.75 ಆಂಪ್. ಕಾಣೆಯಾದ 23 ವೋಲ್ಟನ್ನ 7.75ರಿಂದ ಭಾಗಿಸಿದ್ರೆ ಸುಮಾರು 3 ಓಮ್, ಗುಣಿಸಿದ್ರೆ 178 ವ್ಯಾಟ್. ಡಿಬಿಯಿಂದ ಬಾತ್‌ರೂಮ್‌ವರೆಗೆ 20 ಮೀಟರ್, 1 ಸ್ಕ್ವೇರ್ ಎಂಎಂ ತಾಮ್ರದ ವೈರೇ ಎಳೆದಿದ್ದಾರೆ ಅಂದ್ಕೊಂಡ್ರೂ ಹೋಗಿ ಬರೋ 40 ಮೀಟರ್‌ಗೆ 0.7 ಓಮ್ ಅಷ್ಟೇ, ಸರಿಯಾದ 2.5 ಸ್ಕ್ವೇರ್ ಎಂಎಂ ಆಗಿದ್ರೆ 0.3. ಹಾಗಾದ್ರೆ ಉಳಿದ ಎರಡು ಚಿಲ್ಲರೆ ಓಮ್ ಎಲ್ಲಿದೆ? ಯಾವುದೋ ಜಾಯಿಂಟಲ್ಲಿ, ಸ್ವಿಚ್ಚಲ್ಲಿ, ಸಾಕೆಟ್ ಸ್ಕ್ರೂನಲ್ಲಿ. ನೂರಕ್ಕೂ ಜಾಸ್ತಿ ವ್ಯಾಟ್ ಗೋಡೆ ಒಳಗೆ ಒಂದು ಬೆರಳಗಲದ ಜಾಗದಲ್ಲಿ ಬಿಸಿಯಾಗಿ ಕೂತಿದೆ ಅಂತ ಅರ್ಥ. ಗೀಸರ್ ಅಲ್ಲಿಗೇ ಆಫ್ ಮಾಡಿ, ಜಾಯಿಂಟ್ ಹುಡುಕಿ ಸರಿ ಮಾಡಿಸೋವರೆಗೆ ಹಾಕ್ಬೇಡಿ.

ಬೋರ್‌ವೆಲ್ ನೀರಿಂದ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿರೋದಕ್ಕೇ ನಿಧಾನ ಅನ್ನೋ ಮಾತು ಬೇರೆ ಇದೆ. ಪದರ ಕಟ್ಟಿದ್ರೂ ಓಮ್ ಬದಲಾಗಲ್ಲ, ಹೋಗೋ ವ್ಯಾಟ್ ಅಷ್ಟೇ ಹೋಗುತ್ತೆ, ಆ ಬಿಸಿ ನೀರಿಗೆ ಬಿಟ್ಟು ಬೇರೆಲ್ಲೂ ಹೋಗೋಕಾಗಲ್ಲ. ಪದರದ ಕಾಟ ಏನಂದ್ರೆ ಕಾಯಿಲ್ ಒಳಗೇ ವಿಪರೀತ ಬಿಸಿಯಾಗಿ ಬೇಗ ಸಾಯುತ್ತೆ, ಥರ್ಮೋಸ್ಟಾಟ್ ಸುತ್ತ ಕಟ್ಟಿಕೊಂಡ್ರೆ ಅದು ನೀರು ಕಾಯೋ ಮುಂಚೇನೇ ಕಟ್ ಮಾಡುತ್ತೆ. ಮಿಣುಕು 107 ಚೆನ್ನಾಗಿದ್ದು ಐದಾರು ನಿಮಿಷಕ್ಕೆ ನಿಂತುಬಿಟ್ರೆ, ನೀರಿನ್ನೂ ಉಗುರುಬೆಚ್ಚಗೆ ಇದ್ರೆ, ಇದೇ. ಕ್ಲೀನ್ ಮಾಡಿಸಿ.

ಪ್ಲಗ್ ಮುಟ್ಟೋಕಾಗದಷ್ಟು ಬಿಸಿ, ಸುಟ್ಟ ವಾಸನೆ

ಆಂಪನ್ನ ಆಂಪಿಂದಲೇ ಗುಣಿಸಿ ಓಮ್‌ನಿಂದ ಗುಣಿಸಿದ್ರೂ ವ್ಯಾಟ್ ಬರುತ್ತೆ. ಸಾಕೆಟ್ ಒಳಗೆ ಪಿನ್ ಹಿಡಿತ ಸಡಿಲ ಆಗಿ ಬರೀ ಅರ್ಧ ಓಮ್ ಹುಟ್ಕೊಂಡ್ರೆ, 8.7 ಆಂಪ್‌ಗೆ 38 ವ್ಯಾಟ್ ಆಗುತ್ತೆ. ಮೊಬೈಲ್ ಅಂಗಡೀಲಿ ಸೀಸ ಕರಗಿಸೋ ಸೋಲ್ಡರಿಂಗ್ ಐರನ್ನೇ 25 ವ್ಯಾಟ್, ಇನ್ನು ಪ್ಲಾಸ್ಟಿಕ್ ಪ್ಲಗ್ ಉಳಿಯುತ್ತಾ. ಅರ್ಧ ಓಮ್‌ನಿಂದ ಗೀಸರ್ ಕಾಯೋದ್ರಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ, ಎಂಸಿಬಿಗಂತೂ ಸುಳಿವೇ ಸಿಗಲ್ಲ, ಕರೆಂಟ್ ಜಾಸ್ತಿ ಆಗಿಲ್ಲವಲ್ಲ. ಹಾಗಾಗಿ ಮೂಗು, ಕೈ ಇವೇ ಮೀಟರ್. ಗೀಸರ್ ಓಡಿ ಹತ್ತು ನಿಮಿಷದ ಮೇಲೆ ಎಂಸಿಬಿ ಇಳಿಸಿ ಪ್ಲಗ್ ಕಿತ್ತು, ಪಿನ್ ಹತ್ರ ಕೈ ತಂದು ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ, ಚುರ್ ಅಂದ್ರೆ ಅಥವಾ ಪಿನ್ ಸುತ್ತ ಕಂದು ಬಣ್ಣ ತಿರುಗಿದ್ರೆ ಪ್ಲಗ್ಗೂ ಸಾಕೆಟ್ಟೂ ಎರಡೂ ಬದಲಾಯಿಸಿ, ಒಂದನ್ನೇ ಬದಲಾಯಿಸಿದ್ರೆ ಹಳೇದು ಹೊಸದನ್ನ ಸುಡುತ್ತೆ. ಗೀಸರ್‌ಗೆ 16 ಆಂಪ್ ಸಾಕೆಟ್ಟೇ ಬೇಕು, ಕನ್ವರ್ಟರ್ ಪ್ಲಗ್ ಸಿಗಿಸಿ 6 ಆಂಪ್ ಸಾಕೆಟ್‌ಗೆ ಹಾಕ್ಬೇಡಿ.

ಎಂಸಿಬಿ ಬೀಳುತ್ತೆ

ಹಾಕಿದ ತಕ್ಷಣ ಪಟ್ ಅಂತ ಬಿದ್ರೆ ಶಾರ್ಟ್, ಪ್ಲಗ್ಗಲ್ಲಿ ಓಮ್ ಅಳೆದ್ರೆ 26ರ ಬದಲು ಸೊನ್ನೆ ಹತ್ರ ಬರುತ್ತೆ. ಸ್ವಲ್ಪ ಹೊತ್ತು ಓಡಿ ಆಮೇಲೆ ಬಿದ್ರೆ ಓವರ್‌ಲೋಡ್: ಅದೇ ಎಂಸಿಬಿ ಮೇಲೆ ಗೀಸರ್ 8.7, ಇಸ್ತ್ರಿ ಪೆಟ್ಟಿಗೆ 4.3, ಒಟ್ಟು 13 ಆಂಪ್, ಎಂಸಿಬಿ 10ರದ್ದಾದ್ರೆ ಬೀಳಬಹುದು. ದೊಡ್ಡ ಎಂಸಿಬಿ ಹಾಕಿಬಿಡಿ ಅನ್ನೋದು ಪರಿಹಾರ ಅಲ್ಲ, ವೈರ್ ತಡೀಬೇಕಲ್ಲ.

ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಬೀಳೋ ಸ್ವಿಚ್) ಬಿದ್ರೆ ಕಥೆ ಬೇರೆ, ಅದು ಲೀಕೇಜ್. ಮನೆಗೆ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಂದು. 230 ಭಾಗಿಸು 0.03, ಅಂದ್ರೆ ಸುಮಾರು 7,700 ಓಮ್, ಫೇಸಿಂದ ಬಾಡಿಗೆ ಅಷ್ಟಕ್ಕಿಂತ ಕಮ್ಮಿ ಓಮಿನ ದಾರಿ ಸಿಕ್ಕಿದ್ರೆ ಅದು ಬೀಳುತ್ತೆ. ಪ್ಲಗ್ ಕಿತ್ತು ದಪ್ಪ ಪಿನ್‌ಗೂ ಉಳಿದ ಎರಡಕ್ಕೂ ಮಧ್ಯೆ, ಮೀಟರ್ ದೊಡ್ಡ ರೇಂಜಿಗಿಟ್ಟು ಅಳೀರಿ, ಓಎಲ್ ಬರಬೇಕು, ಕೆಲವು ಸಾವಿರ ಓಮ್ ತೋರಿಸಿದ್ರೆ ಕಾಯಿಲ್ ಬಿರುಕು ಬಿಟ್ಟು ನೀರು ಒಳಗೆ ಹೋಗಿದೆ. ಇಲ್ಲಿ ನಿಜವಾಗ್ಲೂ ಕಾಯಿಲ್ ಬದಲಾಯಿಸ್ಬೇಕು. ಓಎಲ್ ಬಂತು ಅಂತ ಪೂರ್ತಿ ನಿರಾಳ ಆಗ್ಬೇಡಿ, ಮಲ್ಟಿಮೀಟರ್ ಅಳೆಯೋದು ಪುಟ್ಟ ಬ್ಯಾಟರಿ ವೋಲ್ಟಲ್ಲಿ, 230ಕ್ಕೆ ಲೀಕ್ ಆಗೋದು ಅದಕ್ಕೆ ಕಾಣದೇ ಇರಬಹುದು. ಅದಕ್ಕೆ 500 ವೋಲ್ಟ್ ಕೊಟ್ಟು ಲೀಕ್ ಅಳೆಯೋ ಮೆಗ್ಗರ್ ಅನ್ನೋ ಮೀಟರ್ ಬೇಕು, ಮೆಗ್ಗರ್ ಇರೋ ಎಲೆಕ್ಟ್ರಿಷಿಯನ್ನನ್ನೇ ಕರೀರಿ.

ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ

ಇದಕ್ಕೆ ಲೆಕ್ಕವೂ ಬೇಡ, ಪರೀಕ್ಷೆಯೂ ಬೇಡ. ಒಣಗಿದ ಕೈಯಲ್ಲಿ ಡಿಬಿಯಲ್ಲಿ ಗೀಸರ್ ಎಂಸಿಬಿ ಇಳಿಸಿ, ಮನೆಯವರಿಗೆಲ್ಲಾ ಹೇಳಿ, ಎಲೆಕ್ಟ್ರಿಷಿಯನ್ ಬರೋವರೆಗೆ ಆ ಬಾತ್‌ರೂಮಲ್ಲಿ ಸ್ನಾನ ಬೇಡ. ಬಂದವರ ಹತ್ರ ಕಾಯಿಲ್ ಮಾತ್ರ ಅಲ್ಲ ಅರ್ಥಿಂಗೂ ನೋಡೋಕೆ ಹೇಳಿ, ಲೀಕ್ ಆದ ಕರೆಂಟು ಅರ್ಥಿಗೆ ಹೋಗದೆ ನಲ್ಲಿಗೆ ಬಂದಿದೆ ಅಂದ್ರೆ ಅಲ್ಲಿ ಎರಡು ದೋಷ ಇದೆ.

ಇದೇ ಥರ ಕೈ ಹಾಕಬಾರದ ಇನ್ನೊಂದು: ತ್ರೀ ಫೇಸ್ ಮನೇಲಿ ಒಂದು ರೂಮಿನ ಲೈಟ್ ಮಂಕಾಗಿ ಇನ್ನೊಂದು ರೂಮಿನದ್ದು ಜೋರಾಗಿ ಉರಿದ್ರೆ, ಗೀಸರ್ ಇದ್ದಕ್ಕಿದ್ದಂಗೆ ಬೇಗ ಕಾಯೋಕೆ ಶುರುವಾದ್ರೆ, ನ್ಯೂಟ್ರಲ್ ಕಟ್ ಆಗಿರೋ ಸಾಧ್ಯತೆ ಜಾಸ್ತಿ. 260 ವೋಲ್ಟ್ ಬಂದ್ರೆ ಅದೇ 2000ದ ಕಾಯಿಲ್ 2550 ವ್ಯಾಟ್ ಎಳೆಯುತ್ತೆ, ಟಿವಿ ಫ್ರಿಜ್ ಅದಕ್ಕೂ ಮುಂಚೆ ಹೋಗಿರುತ್ತೆ. ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ.

ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸುತ್ತೆ, ಗೀಸರ್ ಕಾಯ್ತಾನೇ ಇದೆ

ಮೀಟರ್ ಕೆಟ್ಟಿಲ್ಲ. ಇಡೀ ಕೇಬಲ್ಲನ್ನ ಕ್ಲ್ಯಾಂಪ್ ಒಳಗೆ ಹಾಕಿದ್ದೀರಿ, ಫೇಸಲ್ಲಿ ಹೋಗಿದ್ದು ನ್ಯೂಟ್ರಲಲ್ಲಿ ವಾಪಸ್ ಬರುತ್ತಲ್ಲ, ಒಂದನ್ನೊಂದು ವಜಾ ಮಾಡುತ್ತೆ. ಒಂದೇ ವೈರ್ ಹಾಕ್ಬೇಕು. ಅದಕ್ಕೆ ಅಂತ ಕೇಬಲ್ ಸಿಪ್ಪೆ ಸುಲೀಬೇಡಿ, ಡಿಬಿ ತೆಗೆಯೋಕೆ ಗೊತ್ತಿರೋರು ಎಂಸಿಬಿಯಿಂದ ಹೊರಡೋ ಫೇಸ್ ವೈರಲ್ಲಿ ಅಳೀತಾರೆ.

ಫ್ಯಾನು, ಮೋಟರಿಗೆ ಈ ಲೆಕ್ಕ ಹಾಕಿದ್ರೆ ತಾಳೆ ಆಗ್ತಿಲ್ಲ

ಆಗಲ್ಲ. ಗೀಸರ್, ಇಸ್ತ್ರಿ ಪೆಟ್ಟಿಗೆ, ಹೀಟರ್ ರಾಡ್ ಇವಕ್ಕೆ ವೋಲ್ಟ್ ಗುಣಿಸು ಆಂಪ್ ಅಂದ್ರೆ ನಿಜವಾದ ವ್ಯಾಟ್. ಮೋಟರಲ್ಲಿ ಪವರ್ ಫ್ಯಾಕ್ಟರ್ ಅಂತೊಂದು ಬರುತ್ತೆ, ಗುಣಿಸಿದ್ದರಲ್ಲಿ ಒಂದಷ್ಟು ಪಾಲು ಮಾತ್ರ ವ್ಯಾಟ್, ವೋಲ್ಟ್ ಭಾಗಿಸು ಆಂಪ್ ಮಾಡಿದ್ರೆ ಬರೋದು ವೈಂಡಿಂಗ್ (ಮೋಟರ್ ಒಳಗೆ ಸುತ್ತಿರೋ ತಂತಿ) ಓಮ್ ಅಲ್ಲ. ವೋಲ್ಟೇಜ್ ಬಿದ್ದಾಗ ನಡ್ಕೊಳ್ಳೋದೂ ಉಲ್ಟಾ: ಗೀಸರ್ ಆಂಪ್ ಕಮ್ಮಿ ಮಾಡಿ ನಿಧಾನಕ್ಕೆ ಕಾಯುತ್ತೆ, ನೀರೆತ್ತೋ ಮೋಟರ್ ಅದೇ ಲೋಡ್ ಎಳೆಯೋಕೆ ಆಂಪ್ ಜಾಸ್ತಿ ಎಳೆದು ವೈಂಡಿಂಗ್ ಸುಟ್ಕೊಳ್ಳುತ್ತೆ. ಬೆಳಗ್ಗೆ ನಿಮ್ಮ ಮಿಣುಕು 65ಕ್ಕೆ ಬಿದ್ದಿದ್ರೆ ಆ ಹೊತ್ತಲ್ಲಿ ಮೋಟರ್ ಹಾಕ್ಬೇಡಿ.